ಹದಿನೇಳನೇ ನಂಬರಿನ ಫ್ಯೂಸು

ಶಂಭುಲಿಂಗಯ್ಯ ಶುದ್ಧ ಸುಳ್ಳುಗಾರ. ತಿಪಟೂರಿನಲ್ಲಿ ಮನೆಗೆ ಅಂಟಿಕೊಂಡಿರುವ ಅವನ ಕೊಬ್ಬರಿ ಅಂಗಡಿಗೆ ಯಾರೇ ಹೋಗಲಿ, ವ್ಯಾಪಾರಕ್ಕೆ ಮೊದಲು ಜರ್ಮನ್ ಬಾಂಬನ್ನು ಸಿಡಿಸುವ ಫ್ಯೂಸನ್ನು ನೋಡಲೇಬೇಕು. ಮದ್ದು ತೆಗೆದ ಆ ಅಲ್ಯೂಮಿನಿಯಂ ತುಂಡನ್ನು ಎರಡನೇ ಮಹಾಯುದ್ಧದಿಂದ ತಂದವನು ಅವನ ಅಪ್ಪ. "ರೌಂಡ್ ಒಳ್ಗೆ ಹದಿನೇಳು ಅಂತ ಐತೆ ನೋಡ್ರೀ. ಹದಿನೇಳು ಅಂದ್ರೆ ಗಡಿಯಾರದ ಬಾಂಬು. ನಮ್ಮಪ್ಪ ಪಕ್ಕದಲ್ಲೇ ಕೂತ್ಕಂಡು ನಿಲ್ಸಿದ್ರು," ಎನ್ನುತ್ತಾನೆ. ಆಮೇಲೆ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ಒಣಗಾಯಿಯನ್ನು ಅಲ್ಲಾಡಿಸುವಂತೆ ಅದನ್ನು ಕಿವಿಯ ಬಳಿ ಅಲ್ಲಾಡಿಸಿ, "ಮುಳ್ಳು ಕದಲ್ತೈತೆ ಕಣ್ರೀ!" ಎಂದು ಕಣ್ಣರಳಿಸುತ್ತಾನೆ. ಆಯುಧಪೂಜೆಯ ದಿನ ತಕ್ಕಡಿಗಿಂತ ಮೊದಲು ಅದಕ್ಕೇ ವಿಭೂತಿ. ಅಪ್ಪ ಉಳಿಸಿದ ಜೀವಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಇವೆ. ಮೂವತ್ತು ವರ್ಷ ಜರ್ಮನ್ ಕಲಿಸಿದ ನನಗೆ ಇದನ್ನು ಸಹಿಸಲಾಗಲಿಲ್ಲ. ಹೋದ ತಿಂಗಳು, ಜರ್ಮನ್ ಕೈಪಿಡಿಯೊಂದರಲ್ಲಿ ಈ ಅಂಕಿಗಳ ಅರ್ಥ ನೋಡಿಕೊಂಡು ಹೋಗಿ, ಭೂತಗನ್ನಡಿ ಹಿಡಿದು ಸವೆದ ಅಂಕಿಯನ್ನು ಓದಿದೆ. "ಇದು ಹದಿನೈದು, ಶಂಭುಲಿಂಗಯ್ಯ. ಬಿದ್ದಾಗಲೇ ಸಿಡಿಯುವ ಬಗೆ. ಇದರಲ್ಲಿ ಗಡಿಯಾರವೇ ಇಲ್ಲ," ಎಂದು ಗಟ್ಟಿಯಾಗಿ ಹೇಳಿದೆ. ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು. ಒಳಗಿನ ಮಂಚದಿಂದ, ತೊಂಬತ್ತೈದು ದಾಟಿದ ಅವನ ತಾಯಿ, "ಏನಂತಪ್ಪ ಮೇಡಮ್ಮು? ನಿಮ್ಮಪ್ಪ ಹೇಳಿದ್ದು ಸುಳ್ಳಂತಾ?" ಎಂದರು. ದನಿ ನಡುಗುತ್ತಿತ್ತು. ಶಂಭುಲಿಂಗಯ್ಯನ ಮುಖದಲ್ಲಿ ಮಾತ್ರ ಅಚ್ಚರಿಯಿರಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು. "ಇಲ್ಲ ಕಣವ್ವ, ಹದಿನೇಳೇ ಅಂದ್ರು," ಎಂದು ಕೂಗಿ, ಫ್ಯೂಸನ್ನು ಒಳಗೆ ಒಯ್ದು, ಅಂಕಿಯ ಮೇಲೆ ಹೆಬ್ಬೆರಳಿಟ್ಟು, ತಾಯಿಯ ಕಿವಿಯ ಬಳಿ ಮೆಲ್ಲಗೆ ಅಲ್ಲಾಡಿಸಿದ.