ಮೇಜಿನ ಮೇಲಿನ ಹಕ್ಕಿ

ಮೊದಮೊದಲು ಭಾವ ನನಗೆ ಹಿಡಿಸಲಿಲ್ಲ. ಅಕ್ಕನ ಮದುವೆಯಾದ ಹೊಸದರಲ್ಲಿ ಅವಳ ಮನೆಗೆ ಹೋಗಿದ್ದೆ. ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದರೆ ಈ ಮನುಷ್ಯ ಮೇಜಿನ ಮೇಲೆ ಬಗ್ಗಿಕೊಂಡು ಪಾತ್ರೆ ಸಾಮಾನುಗಳನ್ನು ಅತ್ತಿತ್ತ ಸರಿಸುತ್ತಿದ್ದಾರೆ. ಟೀ ಸೋಸುವ ಜರಡಿ ಹೊಟ್ಟೆ, ಅದರ ಹಿಡಿ ಬಾಲ, ಎರಡು ಬಾಚಣಿಗೆ ರೆಕ್ಕೆ, ಬಾಯಿ ತೆರೆದ ಕತ್ತರಿ ಕೊಕ್ಕು, ಅಂಗಿಯ ಗುಂಡಿಯೊಂದು ಕಣ್ಣು. ಒಲೆಯ ಮೇಲೆ ಟೀ ಉಕ್ಕಿ ಹರಿಯುತ್ತಿದ್ದರೂ ಆ ಕಡೆ ಗಮನವೇ ಇಲ್ಲ.

"ಬಾಮ್ಮ, ಇದೇನು ಹೇಳು ನೋಡೋಣ" ಎಂದರು.

"ಉಕ್ಕಿದ ಟೀ" ಎಂದೆ.

ನಕ್ಕರು. ಒಲೆ ಆರಿಸಿ, ಚೆಲ್ಲಿದ್ದನ್ನು ಒರೆಸಿ, ಮತ್ತೆ ಬಂದು ಆ ಗುಂಡಿಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ತಳ್ಳಿದರು. ಆಗ ಆ ಹಕ್ಕಿ ನನ್ನನ್ನೇ ಓರೆಗಣ್ಣಿನಲ್ಲಿ ನೋಡುತ್ತಿರುವಂತೆ ಕಂಡಿತು. ನನಗೆ ಇನ್ನಷ್ಟು ಸಿಟ್ಟು ಬಂತು. ಮೀಸೆ ಬಂದ ಗಂಡಸು ಬೆಳಗಾಗೆದ್ದು ಆಟವಾಡುತ್ತಾನಲ್ಲ, ನಮ್ಮಕ್ಕನ ಗತಿ ಏನು ಎಂದು ಒಳಗೊಳಗೇ ಗೊಣಗಿಕೊಂಡೆ.

ಭಾವ ಬಸ್ಸುಗಳ ವರ್ಕ್‌ಶಾಪಿನಲ್ಲಿ ಸ್ಟೋರ್ ಕೀಪರ್. ಕಬ್ಬಿಣದ ಜಾಲರಿಯ ಕಿಟಕಿ, ಹಿಂದೆ ಸೂರಿನವರೆಗೂ ಖಾನೆಗಳು, ಖಾನೆಗಳ ತುಂಬ ನಟ್ಟು, ಬೋಲ್ಟು, ಸ್ಪ್ರಿಂಗು, ಬೇರಿಂಗು, ಎಲ್ಲೆಲ್ಲೂ ಗ್ರೀಸಿನ ವಾಸನೆ. ಅಲ್ಲೂ ಬೆಳಿಗ್ಗೆ ಕಿಟಕಿ ತೆರೆಯುವ ಮೊದಲು ಕಟ್ಟೆಯ ಮೇಲೆ ಬಿಡಿಭಾಗಗಳಲ್ಲಿ ಒಂದು ಹಕ್ಕಿ ಮಾಡಿಡುತ್ತಿದ್ದರಂತೆ. ಮೆಕ್ಯಾನಿಕ್ ಬಂದು ವಾಷರ್ ಕೇಳಿದರೆ ಕಣ್ಣನ್ನೇ ತೆಗೆದು ಕೊಡುವುದು, ಸ್ಪ್ರಿಂಗ್ ಕೇಳಿದರೆ ಕುತ್ತಿಗೆ. ಮಧ್ಯಾಹ್ನದ ಹೊತ್ತಿಗೆ ಹಕ್ಕಿ ನಾಲ್ಕಾರು ಬಸ್ಸುಗಳಲ್ಲಿ ಹಂಚಿಹೋಗಿರುತ್ತಿತ್ತು. ವರ್ಕ್‌ಶಾಪಿನಲ್ಲಿ ಅವರ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವರು ಹಕ್ಕಿಯಪ್ಪ.

ಅವರದು ಒಂದೇ ಕಟ್ಟುನಿಟ್ಟು. ಹಕ್ಕಿಗೆಂದು ಏನನ್ನೂ ಕೊಳ್ಳುವಂತಿಲ್ಲ, ಕತ್ತರಿಸುವಂತಿಲ್ಲ, ಅಂಟಿಸುವಂತಿಲ್ಲ. ತಿಂಡಿಗೆ ಕೂರುವಾಗ ಪ್ರತಿಯೊಂದು ಸಾಮಾನೂ ತನ್ನ ಜಾಗಕ್ಕೆ, ತನ್ನ ಕೆಲಸಕ್ಕೆ ಹೋಗಬೇಕು. ಫೋಟೋ ಕೂಡ ಬೇಡ. ಒಮ್ಮೆ ನಾನೇ ಕೇಳಿದ್ದೆ, ಯಾಕೆ ಭಾವ ಬರೀ ಹಕ್ಕಿ, ಒಂದು ಆನೆ ಕುದುರೆ ಮಾಡಬಾರದಾ ಎಂದು.

"ಬೇರೆ ಏನೂ ಬರಲ್ಲಮ್ಮ ನನಗೆ" ಎಂದರು. ನಿಜಕ್ಕೂ ಅಷ್ಟೇ ಇತ್ತೋ ಏನೋ. ಮನಸ್ಸಿನಲ್ಲಿದ್ದದ್ದನ್ನು ಮಾತಿನಲ್ಲಿ ಹೇಳಲು ಅವರಿಗೆ ಬರುತ್ತಿರಲಿಲ್ಲ. ಅಕ್ಕನ ಜೊತೆ ಜಗಳವಾದರೆ ಮರುದಿನ ಹಕ್ಕಿ ತಲೆ ತಗ್ಗಿಸಿರುತ್ತಿತ್ತು. ಅವರ ಬಾಯಿಂದ ಕ್ಷಮಿಸು ಎಂಬ ಪದ ಬಂದದ್ದನ್ನು ಅಕ್ಕ ಕೇಳಿಯೇ ಇಲ್ಲವಂತೆ.

ಅಕ್ಕನ ಕಣ್ಣು ಬೇರೆ ರೀತಿಯದು. ಅವಳು ಶರ್ಟ್ ಫ್ಯಾಕ್ಟರಿಯ ಚೆಕಿಂಗ್ ಸೆಕ್ಷನ್ನಿನಲ್ಲಿದ್ದಳು. ಬಿಟ್ಟುಹೋದ ಹೊಲಿಗೆ, ಎಳೆ ಎದ್ದ ಕಾಲರು, ಸಾಲು ತಪ್ಪಿದ ಗುಂಡಿ, ಇವನ್ನು ಹುಡುಕಿ ಹುಡುಕಿ ಅವಳಿಗೆ ಇಡೀ ಅಂಗಿ ಕಾಣುವುದೇ ನಿಂತುಹೋಗಿತ್ತು, ತಪ್ಪುಗಳು ಮಾತ್ರ ಕಾಣುತ್ತಿದ್ದವು. ಮದುವೆಯಾದ ಮೇಲೆ ಬಹಳ ದಿನ ಮೇಜಿನ ಮೇಲಿದ್ದದ್ದು ಅವಳಿಗೆ ಬಾಚಣಿಗೆ, ಕತ್ತರಿ, ಜರಡಿ. "ಸ್ವಲ್ಪ ದೂರ ನಿಂತ್ಕೋ, ಕಣ್ಣು ಸಡಿಲ ಬಿಡು" ಎಂದು ಭಾವ ಹೆಗಲು ಹಿಡಿದು ಹಿಂದಕ್ಕೆ ಕರೆದೊಯ್ಯುತ್ತಿದ್ದರು. ಹಾಗೆ ಒಂದು ದಿನ ಗೋಡೆಗೆ ಬೆನ್ನು ತಾಗಿದಾಗ ಅಕ್ಕನಿಗೆ ಹಕ್ಕಿ ಕಂಡಿತು. ಆಮೇಲೆ ಒಂದು ದಿನವೂ ಅದು ಅವಳ ಕಣ್ಣಿಗೆ ತಪ್ಪಲಿಲ್ಲ.

ಅವರಿಗೆ ಹುಟ್ಟಿದ ಒಂದೇ ಮಗು ಉಳಿಯಲಿಲ್ಲ. ಅಕ್ಕನನ್ನು ಆಸ್ಪತ್ರೆಯಿಂದ ಕರೆತಂದವಳು ನಾನು. ಮನೆಗೆ ಬಂದು ನೋಡಿದರೆ ಮೇಜಿನ ಮೇಲೆ ಒಂದು ಸಣ್ಣ ಹಕ್ಕಿ. ಮಗುವಿಗೆಂದು ತಂದಿಟ್ಟಿದ್ದ ಪುಟ್ಟ ಬಟ್ಟಲು, ಪುಟ್ಟ ಚಮಚ, ಉಣ್ಣೆಯ ಎರಡು ಕಾಲುಚೀಲ. ನನ್ನ ಮೈಯೆಲ್ಲ ಉರಿದುಹೋಯಿತು. "ನಿಮಗೆ ಬುದ್ಧಿ ಇದೆಯಾ ಭಾವ?" ಎಂದು ಕೇಳಿಯೇಬಿಟ್ಟೆ. ಅವರು ಗೋಡೆಗೆ ಒರಗಿ ನಿಂತಿದ್ದರು. ಅಕ್ಕ ತುಂಬ ಹೊತ್ತು ನೋಡಿದಳು. ಆಮೇಲೆ ಬಟ್ಟಲಿಗೆ ಸಕ್ಕರೆ ತುಂಬಿದಳು, ಚಮಚವನ್ನು ಅದಕ್ಕೆ ಹಾಕಿದಳು, ಕಾಲುಚೀಲಗಳನ್ನು ಪಕ್ಕದ ಮನೆಯ ಕೂಸಿಗೆ ಕೊಟ್ಟು ಬಂದಳು. ಅವರಿಬ್ಬರ ನಡುವೆ ಏನಿದೆ ಎಂಬುದು ನನಗೆ ಆವತ್ತು ಸ್ವಲ್ಪ ತಿಳಿಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ನನ್ನವರು ತೀರಿಕೊಂಡ ಮೇಲೆ ನಾನು ಅದೇ ಕಟ್ಟಡದ ಮೇಲಿನ ಮಹಡಿಗೆ ಬಂದೆ. ಬೆಳಗಿನ ಟೀ ಅಕ್ಕನ ಮನೆಯಲ್ಲೇ ಆಗುತ್ತಿದ್ದುದರಿಂದ ಭಾವನ ಕಾಯಿಲೆ ಶುರುವಾದದ್ದನ್ನು ನಾನೂ ಕಣ್ಣಾರೆ ಕಂಡೆ. ಆಗ ಅವರು ನಿವೃತ್ತರಾಗಿ ಕೆಲಕಾಲವಾಗಿತ್ತು. ಒಂದು ಬೆಳಿಗ್ಗೆ ಹಕ್ಕಿಗೆ ತಲೆಯಿರಲಿಲ್ಲ. ತಮಾಷೆಗೆ ಮಾಡಿದ್ದಾರೆ ಎಂದುಕೊಂಡೆವು. ಆಮೇಲೆ ರೆಕ್ಕೆಗಳೆರಡೂ ಒಂದೇ ಕಡೆ ಬಂದವು. ಕೊನೆಗೊಂದು ದಿನ ಮೇಜಿನ ಮೇಲೆ ಚಮಚ, ಕತ್ತರಿ, ಬಾಚಣಿಗೆ, ಬೆಂಕಿಪೊಟ್ಟಣ ಎಲ್ಲವೂ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಮಲಗಿದ್ದವು.

"ಹಕ್ಕಿ ಎಲ್ರೀ?" ಎಂದಳು ಅಕ್ಕ.

"ಇದೇ ಅಲ್ವೇನೇ" ಎಂದರು ಭಾವ, ಅವಳನ್ನೇ ವಿಚಿತ್ರವಾಗಿ ನೋಡುತ್ತ.

ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಒಳ್ಳೆಯವರು, ಸುತ್ತಿ ಬಳಸಿ ಹೇಳಲಿಲ್ಲ. "ಕಣ್ಣು ಚೆನ್ನಾಗೇ ಇದೆ. ಕಂಡಿದ್ದನ್ನ ಜೋಡಿಸೋದು ಮೆದುಳು, ಅದು ಸೋಲ್ತಾ ಇದೆ. ಬಿಡಿಬಿಡಿಯಾಗಿ ಎಲ್ಲ ಕಾಣತ್ತೆ, ಒಟ್ಟಾಗಿ ಕಾಣಲ್ಲ. ಮುಂದೆ ಮುಖಗಳೂ ಹಾಗೇ ಆಗಬಹುದು."

ಅಕ್ಕ ಮನೆಗೆ ಬಂದವಳೇ ಮಾರನೆಯ ಬೆಳಿಗ್ಗೆಯಿಂದ ಹಕ್ಕಿ ಮಾಡುವ ಕೆಲಸವನ್ನು ತಾನೇ ಹಿಡಿದಳು. ಮೊದಲನೆಯದು ಹಳೇ ಚಪ್ಪಲಿಯ ಹಾಗಿತ್ತು, ನಾನು ನಕ್ಕೆ, ಅವಳೂ ನಕ್ಕಳು. ಭಾವ ಅದನ್ನು ಬಹಳ ಹೊತ್ತು ನೋಡಿ "ಹಕ್ಕಿ" ಎಂದಾಗ ಅಕ್ಕನ ಮುಖ ನೋಡಬೇಕಿತ್ತು. ಹದಿನೆಂಟರ ಹುಡುಗಿಯ ಮುಖ.

ಅಂದಿನಿಂದ ಅವರಿಗೆ ಹಕ್ಕಿ ಕಾಣಿಸುವುದನ್ನೇ ಅವಳು ಪಣವಾಗಿ ಇಟ್ಟುಕೊಂಡಳು. ನಾನು ಸುಮ್ಮನಿದ್ದವಳಲ್ಲ. ಭಾವ ಒಮ್ಮೆ ಬಾಗಿಲು ತೆರೆದುಕೊಂಡು ರಸ್ತೆಗೆ ಹೋಗಿ ಬಸ್ಸುಗಳ ಮಧ್ಯೆ ನಿಂತಿದ್ದರು. ಇನ್ನೊಮ್ಮೆ ಒಲೆ ಹಚ್ಚದೆ ಗ್ಯಾಸ್ ಬಿಟ್ಟಿದ್ದರು. ಅವರನ್ನು ಎಬ್ಬಿಸಿ ಕೂರಿಸಿ ಅಕ್ಕನ ಬೆನ್ನು ಬಿದ್ದುಹೋಗಿತ್ತು, ನಿದ್ದೆಯಿಲ್ಲದೆ ಕಣ್ಣು ಗುಳಿಬಿದ್ದಿದ್ದವು. ಊರಾಚೆ ಇಂಥವರನ್ನು ನೋಡಿಕೊಳ್ಳುವ ಒಂದು ಮನೆಯಿದೆ, ಹೋಗಿ ನೋಡಿ ಬಂದಿದ್ದೇನೆ, ಚೊಕ್ಕವಾಗಿದೆ, ಅಲ್ಲಿ ಬಿಡೋಣ ಎಂದೆ.

"ಹಕ್ಕಿ ಕಾಣೋವರೆಗೂ ನಾನು ಕಾಣ್ತೀನಿ ಅವರಿಗೆ. ಅಲ್ಲೀವರೆಗೂ ಎಲ್ಲಿಗೂ ಕಳಿಸಲ್ಲ" ಎಂದಳು ಕಡ್ಡಿ ಮುರಿದ ಹಾಗೆ.

"ಕಾಣದೇ ಹೋದ್ರೆ?"

"ಆಗ ನೀನು ಹೇಳಿದ ಹಾಗೆ ಆಗ್ಲಿ. ನಾನು ಯಾರು ಅಂತಾನೇ ಗೊತ್ತಿಲ್ಲದ ಮೇಲೆ, ಬೆನ್ನು ಗಟ್ಟಿ ಇರೋರು ನೋಡ್ಕೊಂಡ್ರೆ ಅವರಿಗೇ ಸುಖ."

ಹೀಗೆ ಹೇಳಿದ ಮೇಲೆ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಕ್ಕಿ ಮಾಡತೊಡಗಿದಳು. ಮಾಡುತ್ತ ಮಾಡುತ್ತ ಕೈ ಪಳಗಿತು. ಮಡಿಸಿದ ಛತ್ರಿಯಲ್ಲಿ ಕೊಕ್ಕರೆ ಮಾಡಿದಳು. ಎರಡು ಸಾಸರು, ಅವುಗಳೊಳಗೆ ಒಂದೊಂದು ಮುಚ್ಚಳ, ನಡುವೆ ಬೀಗದ ಕೈ ಇಟ್ಟು ಗೂಬೆ ಮಾಡಿದಳು. ಕೈಗವಸಿನ ಬೆರಳುಗಳನ್ನು ಹರವಿ ಬಾಲ ಬಿಚ್ಚಿದ ಪಾರಿವಾಳ ಮಾಡಿದಳು. ಭಾವನದಕ್ಕಿಂತ ಚೆನ್ನಾಗಿದೆ ಎಂದು ನಾನೇ ಹೇಳಿದ್ದೇನೆ. ಆದರೆ ಅವಳು ಚೆಂದಕ್ಕಾಗಿ ಮಾಡುತ್ತಿರಲಿಲ್ಲ, ಅವರಿಗೆ ಸುಲಭವಾಗಿ ಕಾಣಲಿ ಎಂದು ಮಾಡುತ್ತಿದ್ದಳು. ಭಾವ ಬಂದು ಕೂತು ಒಂದೊಂದನ್ನೇ ಮುಟ್ಟುತ್ತಿದ್ದರು. "ಸಾಸರು. ಸಾಸರು. ಬೀಗದ ಕೈ." ಅಕ್ಕ ಪಕ್ಕದಲ್ಲೇ ಬಗ್ಗಿ ಕೇಳುತ್ತಿದ್ದಳು. "ಎಲ್ಲಾ ಸೇರಿ ಏನ್ರೀ? ಗಾಳಿಲಿ ಹಾರತ್ತಲ್ಲ, ಏನದು?"

"ಒಣಹಾಕಿದ ಬಟ್ಟೆ" ಎಂದರೊಮ್ಮೆ. ನಗು ತಡೆಯಲಾಗಲಿಲ್ಲ ನಮಗೆ. ನಾವು ನಕ್ಕದ್ದು ನೋಡಿ ಅವರೂ ನಕ್ಕರು. ಆಮೇಲೆ ಅಕ್ಕ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ.

ಆಮೇಲೆ ಒಂದು ಬದಲಾವಣೆಯಾಯಿತು. ಭಾವ ದಿನವೂ ತಪ್ಪದೆ "ಹಕ್ಕಿ" ಎನ್ನತೊಡಗಿದರು. ಅಕ್ಕ ಹಿಗ್ಗಿಹೋದಳು, ಡಾಕ್ಟರಮ್ಮ ಬದಲಿಸಿದ ಮಾತ್ರೆಯೇ ಕಾರಣ ಎಂದಳು. ನನಗೇಕೋ ಅನುಮಾನ. ಅವರು ಕುರ್ಚಿ ಎಳೆದುಕೊಳ್ಳುವಾಗಲೇ, ಮೇಜಿನ ಕಡೆ ಕಣ್ಣು ತಿರುಗುವ ಮೊದಲೇ, ಆ ಮಾತು ಬಾಯಿಗೆ ಬಂದುಬಿಡುತ್ತಿತ್ತು. ಒಂದೆರಡು ಸಲ ಹೇಳಲು ಬಾಯಿ ತೆರೆದೆ. ಅಕ್ಕನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಅವಳಿಗೂ ಗೊತ್ತಿತ್ತು ಎಂದೇ ಈಗ ನನಗೆ ಅನ್ನಿಸುತ್ತದೆ. ಹುಡುಕಿ ತಪ್ಪು ತೆಗೆದೇ ಹೊಟ್ಟೆ ಹೊರೆದವಳು, ಇದನ್ನು ನೋಡದೆ ಇರುತ್ತಾಳೆಯೇ?

ಮಳೆಗಾಲ ಮುಗಿದ ಮೇಲೆ ಅಕ್ಕನಿಗೆ ಜ್ವರ ಬಂತು. ಎರಡನೆಯ ದಿನ ಬೆಳಿಗ್ಗೆ ನಾನು ಟೀ ಮಾಡಿಕೊಂಡು ಕೆಳಗೆ ಹೋದಾಗ ಅವಳು ಹೊದಿಕೆ ಸುತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿದ್ದಳು. ಆವತ್ತು ಹಕ್ಕಿ ಮಾಡಲು ಅವಳಿಗೆ ಆಗಿರಲಿಲ್ಲ. ಮೇಜು ಖಾಲಿ, ಬರೀ ಪ್ಲಾಸ್ಟಿಕ್ ಹಾಸು. ಭಾವ ಮುಖ ತೊಳೆದುಕೊಂಡು ಬಂದು ಕೂತರು. ಎಂದಿನಂತೆ ಬಗ್ಗಿ, ಎಂದಿನ ಗಮನದಿಂದಲೇ, ಆ ಖಾಲಿ ಮೇಜನ್ನು ನೋಡಿದರು.

"ಹಕ್ಕಿ" ಎಂದರು. "ತುಂಬ ಚೆನ್ನಾಗಿ ಮಾಡಿದೀರ."

ಅಕ್ಕ ಕೇಳಿಸದವಳಂತೆ ಇದ್ದುಬಿಡಲಿ ಎಂದು ಬೇಡಿಕೊಂಡೆ. ಜ್ವರದ ನೆಪವಿತ್ತು, ನಾಳೆ ಒಂದು ಗೂಬೆ ಮಾಡಿದರಾಗುತ್ತಿತ್ತು. ಆದರೆ ಅವಳು ಬಂದು ಅವರ ಎದುರಿಗೆ ಕುರ್ಚಿ ಎಳೆದು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ಮೇಜು ಬಿಡಿ. ನನ್ನ ನೋಡಿ" ಎಂದಳು. "ಏನ್ ಕಾಣತ್ತೆ ಹೇಳಿ."

ಭಾವ ಅವಸರ ಮಾಡಲಿಲ್ಲ. ಖಾನೆಯಿಂದ ತೆಗೆದ ಸಾಮಾನನ್ನು ನೋಡುವವರ ಹಾಗೆ ನೋಡಿದರು. "ಕನ್ನಡಕ. ಒಂದು ಕಡ್ಡಿ ಸಡಿಲ ಆಗಿದೆ." ಕಣ್ಣು ಮೇಲಕ್ಕೆ ಹೋಯಿತು. "ಕೂದಲು, ಬಿಳೀದು. ಮೂಗು." ಅವರ ಬೆರಳು ಅಕ್ಕನ ಕೆನ್ನೆಗೆ ಬಂದು ನಿಂತಿತು. "ಇದು ಒದ್ದೆ ಇದೆ. ಒದ್ದೆ ಬಿಡಬಾರದು, ತುಕ್ಕು ಹಿಡಿಯತ್ತೆ."

ಜೇಬಿನಿಂದ ಕರವಸ್ತ್ರ ತೆಗೆದರು. ಅಕ್ಕನ ಕನ್ನಡಕ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಒಂದು ಕೆನ್ನೆ ಒರೆಸಿದರು, ಇನ್ನೊಂದು ಒರೆಸಿದರು, ಕಣ್ಣಿನ ಕೆಳಗೆ, ಮೂಗಿನ ಪಕ್ಕದ ಸಂದಿಯಲ್ಲಿ, ಎಲ್ಲೂ ಬಿಡದೆ ಒರೆಸಿದರು. ಗಾಜುಗಳನ್ನೂ ಒರೆಸಿ ಕನ್ನಡಕ ಮತ್ತೆ ತೊಡಿಸಿದರು. ಸೊಟ್ಟಗೆ ಕೂತಿತು. ನಾನು ಟೀ ಲೋಟಗಳನ್ನು ಹಿಡಿದುಕೊಂಡೇ ನಿಂತಿದ್ದೆ.

"ಸರಿ ಆಯ್ತಾ?" ಎಂದು ಕೇಳಿದಳು ಅಕ್ಕ.

"ಈಗ ಸರಿ ಇದೆ ನೋಡಿ" ಎಂದರು ಭಾವ, ಮತ್ತು ನನ್ನ ಕೈಯಿಂದ ಟೀ ತೆಗೆದುಕೊಂಡರು.

ಮಧ್ಯಾಹ್ನ ಅವರು ಮಲಗಿದ ಮೇಲೆ ಅಕ್ಕ "ಆ ಮನೆಯೋರಿಗೆ ಫೋನ್ ಮಾಡು" ಎಂದಳು. ವರ್ಷವಿಡೀ ಅದನ್ನೇ ಹೇಳಿ ಅವಳ ತಲೆ ತಿಂದವಳು ನಾನು. ಈಗ ನನಗೇ ಕೈ ಬರಲಿಲ್ಲ.

"ಜ್ವರ ಬಿಡ್ಲಿ ಅಕ್ಕ, ಆಮೇಲೆ ನೋಡೋಣ. ನೀನು ಅತ್ತಿದ್ದು ಗೊತ್ತಾಯ್ತಲ್ಲ ಅವರಿಗೆ. ಒರೆಸಿದ್ರಲ್ಲ."

"ಯಾರು ಅತ್ರೂ ಒರೆಸ್ತಾರೆ ಅವರು" ಎಂದಳು ಅಕ್ಕ. "ಅದಕ್ಕೆ ನಾನೇ ಆಗ್ಬೇಕು ಅಂತೇನಿಲ್ಲ."

ಫೋನ್ ಮಾಡಿದೆ. ಜಾಗ ಇದೆ ಎಂದರು, ಬಟ್ಟೆ ಎಷ್ಟು ತರಬೇಕು, ಮಾತ್ರೆಗಳು ಯಾವುವು ಎಂದೆಲ್ಲ ಹೇಳಿದರು, ಕೇಳಿದರು. ಇಡುವ ಮೊದಲು ಅಕ್ಕನ ಕಡೆ ನೋಡಿ, ಇನ್ನೇನಾದರೂ ಕೇಳಬೇಕೇ ಎಂದು ಸನ್ನೆ ಮಾಡಿದೆ.

"ಅಲ್ಲಿ ಅಳೋರು ತುಂಬ ಜನ ಇರ್ತಾರಲ್ವಾ" ಎಂದಳು. "ಕರವಸ್ತ್ರ ಸ್ವಲ್ಪ ಜಾಸ್ತಿ ಇಟ್ಟು ಕಳಿಸಬಹುದಾ ಕೇಳು."

ಕೇಳಿದೆ. ಕಳಿಸಬಹುದು ಎಂದರು.