ಬಳೆಯ ಬಿಗಿ

ಯಳಂದೂರಿನ ದೊಡ್ಡಬಸಮ್ಮ ಜಟಕಾ ಹತ್ತಿದರೆ ಹಿಂದೆ ಭಾರವಾಗಿ, ಕುದುರೆ ಕಟ್ಟಿದ ಮೂಕಿಮರ ಮೇಲೇಳುತ್ತದೆ. "ಮುಂದಕ್ಕೆ ಬನ್ನಿ ಅಮ್ಮಾವ್ರೆ, ಕುದುರೆ ನೇತಾಡ್ತದೆ" ಎಂದು ಗಾಡಿಯ ಮಾದಪ್ಪ ಗೋಗರೆದರೆ, "ಉಂಡು ಬೆಳೆಸಿದ ಮೈ ಕಣ್ಲಾ, ಕದ್ದು ತಂದದ್ದಲ್ಲ" ಎಂದು ನಗುತ್ತಲೇ ಮುಂದೆ ಸರಿಯುತ್ತಾರೆ. ಎದುರು ಸಿಕ್ಕವರು ಎಷ್ಟೇ ಗುಂಡಗಿರಲಿ, "ಸೊರಗೋಗಿದ್ದೀಯಲ್ಲವ್ವಾ" ಎಂದು ಹಲುಬುತ್ತಾರೆ; ಅದೇ ಮಾತನ್ನು ಯಾರಾದರೂ ಅವರಿಗೆ ಅಂದರೆ ಆ ದಿನ ಊಟ ಸೇರದು. ಬೆಳಗ್ಗೆ ಎದ್ದವರೇ, ದೇವರಿಗೆ ಕೈಮುಗಿಯುವ ಮೊದಲೇ, ಮುಂಗೈಯ ಗಾಜಿನ ಬಳೆಗಳನ್ನು ಮೇಲಕ್ಕೆ ತಳ್ಳಿ ನೋಡುತ್ತಾರೆ: ಬಿಗಿಯಾಗಿ ಸಿಕ್ಕಿಕೊಂಡರೆ ಸರಿ, ಜಾರಿದರೆ ಎದೆ ಧಸಕ್ಕೆನ್ನುತ್ತದೆ. ನೆರೆಯವರು ಇದನ್ನು ಬಿಂಕ ಅಂದುಕೊಂಡಿದ್ದಾರೆ. ಮೂತ್ರದಲ್ಲಿ ಸಕ್ಕರೆಯಿದೆ, ಅನ್ನ ಬೆಲ್ಲ ಕಮ್ಮಿ ಮಾಡಿ, ದಿನಾ ನಡೆಯಿರಿ ಎಂದು ಕೊಳ್ಳೇಗಾಲದ ಡಾಕ್ಟರಮ್ಮ ಹೇಳಿದಾಗಲೂ ಅವರ ಪ್ರಶ್ನೆ ಒಂದೇ: "ಸಣ್ಣ ಆಗ್ಬುಡ್ತೀನಾ ತಾಯಿ?" ತೀರಿಹೋದ ತಂಗಿ ವೀರಮ್ಮನಿಗೂ ಇದೇ ಕಾಯಿಲೆ ಇತ್ತು; ಅವಳು ಸೊರಗಿ ಸೊರಗಿ, ಕೊನೆಗೊಂದು ದಿನ ಕೈ ತೊಳೆಯುವಾಗ ಅವಳ ಬಳೆಗಳು ಒಡೆಯದೆಯೇ ಕಳಚಿ ಬಚ್ಚಲಿಗೆ ಬಿದ್ದಾಗ ಹೆಕ್ಕಿಕೊಟ್ಟವರು ದೊಡ್ಡಬಸಮ್ಮನೇ. ಡಾಕ್ಟರಮ್ಮ ದೊಡ್ಡಬಸಮ್ಮನ ಕೈ ಹಿಡಿದುಕೊಂಡು, "ಮೈ ಚೆನ್ನಾಗೇ ಇದೆ. ಸಣ್ಣ ಆಗೋಕಲ್ಲ, ಇದನ್ನ ಉಳಿಸ್ಕೊಳ್ಳೋಕೆ ನಡೀರಿ" ಅಂದರು. ಈಗ ಮಾದಪ್ಪ "ಅತ್ಕಳಿ ಅಮ್ಮಾವ್ರೆ" ಎಂದು ಗಾಡಿ ನಿಲ್ಲಿಸಿದರೂ ದೊಡ್ಡಬಸಮ್ಮ ಬೇಡವೆಂದು ತಲೆಯಾಡಿಸಿ, ಏದುಸಿರು ಬಿಡುತ್ತ ನಡೆದೇ ಹೋಗುತ್ತಾರೆ. ಒಂದು ಕೈಯ ಬಳೆಗಳನ್ನು ಇನ್ನೊಂದು ಕೈ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ.