ಮುಂಗಡ ಕೊಟ್ಟ ಮುಡಿ

ತಿಂಗಳ ಹಿಂದೆ ವರ್ಷದ ತಪಾಸಣೆಗೆಂದು ಮೈಸೂರಿನ ಆಸ್ಪತ್ರೆಯಲ್ಲಿ ಕೂತಿದ್ದೆ. ಪಕ್ಕದಲ್ಲಿ ತಾಯಿಯ ಜೊತೆ ಬಂದಿದ್ದ ಕಾಲೇಜು ವಯಸ್ಸಿನ ಹುಡುಗಿ. ಅವಳ ಬೋಳುತಲೆಯಿಂದ ಗಂಧದ ವಾಸನೆ ಬಂತು. ಎದುರುಮನೆ ಮಾವ ನೆನಪಾದರು…

ಮಾವ ಎಂದರೆ ನೆಂಟರಲ್ಲ. ಪಾಂಡವಪುರದ ಹತ್ತಿರದ ನಮ್ಮೂರಿನಲ್ಲಿ ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದವರು. ನಾನು ಎಂಎಸ್ಸಿ ಓದುತ್ತಿದ್ದಾಗ ಕತ್ತಿನಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್ ಎಂದರು. ಮನೆಯಲ್ಲಿ ಯಾರೂ ಆ ಪದವನ್ನು ಬಾಯಿಬಿಟ್ಟು ಹೇಳಲಿಲ್ಲ. ಮೊದಲ ಕೀಮೋ ಆದ ಮೇಲೆ, ಬಾಚಣಿಗೆಗೆ ಕೂದಲು ಕಿತ್ತು ಬಂದ ದಿನ ಬಾಗಿಲು ಹಾಕಿಕೊಂಡೆ. ಇನ್ನು ಆಸ್ಪತ್ರೆಗೆ ಹೋಗುವುದಿಲ್ಲ ಎಂದೆ. ಸಾವಿನ ಭಯ ಇದ್ದೇ ಇತ್ತು. ಊರವರು ಆಗಲೇ ಸತ್ತವನನ್ನು ನೋಡಿದ ಹಾಗೆ ನೋಡುತ್ತಾರೆಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಬಾಗಿಲಾಚೆ ಮಾವನ ದನಿ. "ಉದ್ರೋಗೋದ್ಕೆ ಮುಂಚೆ ನೀನೇ ಕೊಟ್ಬುಡ್ಲಾ ದೇವ್ರಿಗೆ."

"ನಾನು ದೇವ್ರನ್ನ ನಂಬಲ್ಲ ಮಾವ."

"ನಂಬು ಅಂದ್ನೇನ್ಲಾ? ಕೂದ್ಲು ಕೊಡು ಅಂದೆ."

ನಾಗಮಂಗಲದ ಕಡೆಯ ಬೆಟ್ಟದಲ್ಲಿ ಮುಡಿ ಕೊಟ್ಟೆ. ಮಾವನೇ ತಲೆಗೆ ಗಂಧ ಬಳಿದರು. ನಮ್ಮಲ್ಲಿ ಹರಕೆ ಫಲಿಸಿದ ಮೇಲೆ ಮುಡಿ ಕೊಡುವುದು ರೂಢಿ. ನನಗಿನ್ನೂ ವಾಸಿಯೇ ಆಗಿರಲಿಲ್ಲ. ಹಾಗೆಂದದ್ದಕ್ಕೆ, "ಮುಂಗಡ ಕೊಟ್ಟಿವ್ನಿ ಅನ್ಕೊ. ಈಗ ದೇವ್ರು ದಾಕ್ಷಿಣ್ಯಕ್ಕೆ ಸಿಗಾಕ್ಕೊಂಡ" ಎಂದರು.

ಬೋಳುತಲೆಗೆ ಒಂದು ಕಾರಣ ಸಿಕ್ಕಿತು. ಮಾವನ ಜೊತೆ ಮತ್ತೆ ಮೈಸೂರಿನ ಬಸ್ಸು ಹತ್ತತೊಡಗಿದೆ. ಆದರೆ ಕೆಲವು ವಾರಗಳಲ್ಲಿ ಹುಬ್ಬೂ ಉದುರಿತು. ಬಸ್ಸಿನಲ್ಲಿ ಒಬ್ಬ ಹೆಂಗಸು ದಿಟ್ಟಿಸಿ ನೋಡಿ, "ಉಬ್ಬೂ ಕೊಟ್ಬುಟ್ಯಾ ಮಗ?" ಎಂದಳು. ಇಳಿದುಬಿಡಲು ಎದ್ದೆ. ಮಾವ ಅಂಗಿ ಹಿಡಿದು ಜಗ್ಗಿ ಕೂರಿಸಿದರು.

"ಊಂ ಕಣವ್ವ, ಆ ದೇವ್ರಿಗೆ ವಸಿ ದುರಾಸೆ."

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆನೇ? ಗೊತ್ತಿಲ್ಲ… ಬಾಬುರಾಯನಕೊಪ್ಪಲು ದಾಟುವವರೆಗೂ ಅವರು ಅಂಗಿ ಬಿಡಲಿಲ್ಲ.

ನನ್ನ ನೆನಪಿನಲ್ಲಿ ಅಂದು ಮಾವನ ತಲೆಯೂ ಬೋಳು, ಅದಕ್ಕೂ ಗಂಧ. ಬಸ್ಸು ಹತ್ತಿಸಲು ಬಂದಿದ್ದ ಅಮ್ಮ ಒಪ್ಪುವುದಿಲ್ಲ. "ಇಲ್ಲ ಕಣಪ್ಪ, ಅವ್ರು ತಲೆ ಬೋಳಿಸಿರ್ಲಿಲ್ಲ, ಟವಲ್ ಸುತ್ಕೊಂಡಿದ್ರು" ಎನ್ನುತ್ತಾಳೆ. ಅಮ್ಮನ ಮಾತೇ ನಿಜವಿರಬಹುದು. ಹೆದರಿದವನ ನೆನಪನ್ನು ಸಾಕ್ಷಿಯೆಂದು ನಂಬುವುದು ಹೇಗೆ? ಕೇಳೋಣವೆಂದರೆ ಹೋದ ವರ್ಷ ಮಾವ ತೀರಿಕೊಂಡರು.

ಆಸ್ಪತ್ರೆಯಲ್ಲಿ ಪಕ್ಕದ ಹುಡುಗಿಯ ತಾಯಿಗೆ, ವಾಸಿಯಾಗಿ ತಪಾಸಣೆಗೆ ಬಂದವನೆಂದು ಹೇಳಿದೆ. ಹುಡುಗಿ ಹುಬ್ಬಿಲ್ಲದ ಮುಖವೆತ್ತಿ ನನ್ನನ್ನು ನೋಡಿದಳು. "ವಾಸಿಯಾದ್ಮೇಲೂ ಭಯ ಆಯ್ತದಾ ಅಣ್ಣ?"

ಮಾವನಂತೆ ಏನಾದರೂ ಹೇಳಬೇಕೆನಿಸಿತು. ಆದರೆ ಬರೀ "ಆಯ್ತದೆ" ಎಂದೆ.

ಒಳಗಿನಿಂದ ನನ್ನ ಹೆಸರು ಕೂಗಿದರು. ಎದ್ದವನು ಮೊದಲು ತಿರುಗಿದ್ದು ಹೊರಬಾಗಿಲ ಕಡೆಗೆ. ಜಗ್ಗಲು ಯಾರೂ ಇರಲಿಲ್ಲ. ನನ್ನ ಅಂಗಿಯ ಅಂಚನ್ನು ನಾನೇ ಮುಷ್ಟಿಯಲ್ಲಿ ಹಿಡಿದುಕೊಂಡು ಒಳಗೆ ಹೋದೆ.